ಬಾಗಿಲಿಗೊಂದು ಬೆಂಕಿ

ಒಲೆ ಉರಿ ನೋಡಿ ಮನೆ ಗಾಡಿ ಊರಿನ ಯಾವ ಮೂಲೇಲಿದೆ ಅಂತ ಹೇಳೋ ಹೆಂಗಸರು ನಮ್ಮೂರಲ್ಲಿ ಮನೆಗೊಬ್ಬರಾದರೂ ಇದಾರೆ. ಆದರೆ ನಮ್ಮತ್ತೆ ಸಿದ್ದಗಂಗಮ್ಮನ್ನ ಮೀರಿಸಿದವರು ಇಲ್ಲ. ಸೊಸೆ ಬಾಯಲ್ಲೇ ಈ ಮಾತು ಬರ್ತಿದೆ ಅಂದಮೇಲೆ ನೀವು ನಂಬಬಹುದು. ಉರಿ ಎರಡು ಬೆರಳು ಇಳಿದರೆ ದಾಕ್ಷಿ ಮಾರ್ಕೆಟ್ ಬಿಟ್ಟಳು ಅನ್ನೋರು. ಪಟ್ಟಂತ ಮೇಲೆದ್ದರೆ ನ್ಯೂಟ್ರಲ್‌ಗೆ ಹಾಕಿ ಇಳಿಜಾರಲ್ಲಿ ಬಿಟ್ಟಿದಾಳೆ ಅನ್ನೋರು. ಜೋಳದ ಕಾಳಿನಷ್ಟಾಗಿ ನಿಂತುಬಿಟ್ಟರೆ ದಿಣ್ಣೆ ರಸ್ತೆಯ ಕುದುರೆ ಏರು ಹತ್ತಿಸ್ತಿದಾಳೆ ಅಂತ ಕಾವಲಿ ಕೆಳಗಿಳಿಸಿ, ಸೆರಗಲ್ಲಿ ಮುಖ ಒರೆಸಿಕೊಂಡು, ಒಂದೆರಡು ನಿಮಿಷ ಸುಮ್ಮನೆ ಕೂರೋರು. ನಾನು ಸಂಜೆ ಬಂದು ಎಲ್ಲೆಲ್ಲಿ ಹೋಗಿದ್ದೆ ಅಂತ ಹೇಳೋ ಅಗತ್ಯವೇ ಇರ್ತಿರಲಿಲ್ಲ, ಅವರೇ ನನಗೆ ಹೇಳೋರು.

ನಾನು ದಾಕ್ಷಾಯಿಣಿ. ಲಗೇಜ್ ಆಟೋ ಓಡಿಸ್ತೀನಿ. ಅತ್ತೆ ಒಬ್ಬಟ್ಟು ಮಾಡ್ತಾರೆ. ಊರಲ್ಲಿ ನಾಮಕರಣ ಆಗಲಿ, ಗೃಹಪ್ರವೇಶ ಆಗಲಿ, ಎಲೆ ಮೇಲೆ ಬೀಳೋದು ಸಿದ್ದಗಂಗಮ್ಮನ ಒಬ್ಬಟ್ಟೇ. ನಮ್ಮ ಮನೆಯವರು ಷಡಕ್ಷರಿ, ಟೈಲರ್. ಕಾಲಲ್ಲಿ ತುಳಿಯೋ ಮಿಷನ್, ಅದಕ್ಕೆ ಬೆಂಕಿ ಬೇಡ. ಅವರಿಗೆ ಮಾತೂ ಅಷ್ಟಾಗಿ ಬೇಡ.

ನಮ್ಮೂರಲ್ಲಿ ಬಾಗಿಲಿಗೊಂದು ಬೆಂಕಿ. ಸಾಹುಕಾರರ ಮನೆಗೂ ಒಂದೇ, ನಮ್ಮಂಥವರಿಗೂ ಒಂದೇ. ತಿಂಗಳ ಮೊದಲನೇ ತಾರೀಕು ಪೆಟ್ರೋಲ್ ಬಂಕಿಗೆ ಹೋಗಿ, ಸಾಲಲ್ಲಿ ನಿಂತು, ಹಿತ್ತಾಳೆ ಕೊಡದಲ್ಲಿ ಬೆಂಕಿ ತುಂಬಿಸಿಕೊಂಡು ಬರ್ತೀವಿ. ಒಲೆಗೂ ಅದೇ, ಗಾಡಿಗೂ ಅದೇ. ಗಾಡಿ ಅಂಗಳದಲ್ಲಿರಲಿ, ಮೂರು ಮೈಲಿ ಆಚೆ ಇರಲಿ, ಸ್ಟಾರ್ಟ್ ಮಾಡಿದ ಕೂಡಲೇ ಮನೇಲಿ ಒಲೆ ಉರಿ ಇಳಿಯುತ್ತೆ. ಹುಟ್ಟಿದಾಗಿನಿಂದ ನೋಡಿರೋದರಿಂದ ನಮಗೆ ಇದರಲ್ಲಿ ವಿಶೇಷ ಏನೂ ಕಾಣಲ್ಲ. ಹೊರಗಿನ ಊರಿಂದ ಬಂದವರು ಮಾತ್ರ, ನಿಮ್ಮೂರಲ್ಲಿ ಗಂಡಸರು ಗಾಡಿ ತೆಗೆಯೋಕೆ ಮುಂಚೆ ಅಡುಗೆಮನೆಗೆ ಯಾಕೆ ಇಣುಕಿ ನೋಡ್ತಾರೆ ಅಂತ ಕೇಳ್ತಾರೆ.

ನಮ್ಮಲ್ಲಿ ಗಂಡು ನೋಡೋ ಶಾಸ್ತ್ರವೂ ಹಾಗೇ. ಗಂಡಿನ ಮನೆ ಒಲೆ ಮೇಲೆ ಹಾಲಿಡ್ತಾರೆ, ಗಂಡು ಗಾಡಿ ತಗೊಂಡು ಮಾರ್ಕೆಟ್ಟಿಗೆ ಹೋಗಿ ಬರಬೇಕು. ಬರೋದರೊಳಗೆ ಹಾಲು ಉಕ್ಕಿದರೆ ಹುಡುಗ ನಯವಾಗಿ ಗಾಡಿ ಓಡಿಸ್ತಾನೆ, ಸಂಸಾರ ತೂಗಿಸ್ತಾನೆ ಅಂತ ಒಪ್ಪಿಗೆ. ಷಡಕ್ಷರಿಯವರು ತೀರಿಹೋದ ಅಪ್ಪನ ಲಗೇಜ್ ಆಟೋ ತಗೊಂಡು ಹೊರಟರು. ಬರುವಾಗ ಏರಲ್ಲಿ ಮೂರು ಸಲ ಆಫ್ ಮಾಡಿಕೊಂಡು, ಮತ್ತೆ ಮತ್ತೆ ರೇಸ್ ಕೊಟ್ಟು ಒಲೆ ಉರಿಯನ್ನೆಲ್ಲ ಎಳೆದುಬಿಟ್ಟರು. ಒಳಗೆ ಹಾಲು ಕೆನೆ ಕಟ್ಟಿಕೊಂಡು ಸುಮ್ಮನೆ ಕೂತಿತ್ತು. ನಾಲ್ಕು ಜನ ಗಾಡಿ ತಳ್ಳಿಕೊಂಡು ಬಂದರು, ಹಿಂದೆ ಇವರು ತಲೆ ತಗ್ಗಿಸಿಕೊಂಡು ಬಂದರು. ನಮ್ಮಪ್ಪ ಚಪ್ಪಲಿ ಹಾಕಿಕೊಳ್ಳೋಕೆ ಎದ್ದರು. ನನಗೆ ಯಾಕೋ ಆ ತಗ್ಗಿದ ತಲೆ ನೋಡಿ ಪಾಪ ಅನ್ನಿಸಿತು, ಅದಕ್ಕಿಂತ ಹೆಚ್ಚಾಗಿ ಅಂಥ ಒಳ್ಳೇ ಗಾಡೀನ ಹಾಗೆ ತಳ್ಳಿಕೊಂಡು ಬಂದದ್ದು ನೋಡಿ ಸಂಕಟ ಆಯಿತು. ಕೀ ಕೊಡಿ ಇಲ್ಲಿ ಅಂದೆ. ರೇಷ್ಮೆ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಹೊರಟೆ. ನಾನಿನ್ನೂ ವಾಪಸು ಬೀದಿ ತಿರುವಲ್ಲಿರುವಾಗಲೇ ಮನೆಯೊಳಗೆ ಹಾಲು ಉಕ್ಕಿ ಒಲೆ ಮೇಲೆಲ್ಲ ಸುರಿದಿತ್ತಂತೆ. ಅತ್ತೆ ಹೊರಗೆ ಬಂದು, ಕೊಡೋಕೆ ಹೋದ ಕೀ ಈಸಿಕೊಳ್ಳದೆ, ನಿನ್ನ ಹತ್ತಿರವೇ ಇರಲಿ ಅಂದರು. ನಮ್ಮ ಮದುವೆ ನಿಶ್ಚಯ ಆದದ್ದು ಹಾಗೆ. ಊರಲ್ಲಿ ಇನ್ನೂ ಹೇಳಿಕೊಂಡು ನಗ್ತಾರೆ. ನಗಲಿ, ನನಗೇನೂ ಬೇಜಾರಿಲ್ಲ.

ಆಗ ಬೆಂಕಿ ಕುಂಬಳಕಾಯಿ ಗಾತ್ರ ಇರ್ತಿತ್ತು. ನಯವಾಗಿ ಓಡಿಸೋರ ಕೈಲಿ ಗಾಡಿ ಎಷ್ಟು ಓಡಿದರೂ ಒಲೆ ಸ್ವಲ್ಪ ಮಂಕಾಗೋದೇ ಹೊರತು ಅಡುಗೆ ನಿಲ್ತಿರಲಿಲ್ಲ. ಆಮೇಲೆ ಬಂಕಿನ ತೋಪಯ್ಯ ಕಂಬದ ಮೇಲಿನ ರೇಟಿನ ಅಂಕಿ ಬದಲಾಯಿಸೋಕೆ ಶುರುಮಾಡಿದ. ಅವನದೇನೂ ತಪ್ಪಿಲ್ಲ, ಮೇಲಿಂದ ಬಂದ ಅಂಕೀನ ಅವನು ಗಳುವಿಗೆ ಸಿಕ್ಕಿಸಿ ಏರಿಸೋನು ಅಷ್ಟೆ. ಬಾಗಿಲಿಗೆ ಇಷ್ಟೇ ದುಡ್ಡು ಅಂತ ಗೊತ್ತು, ಜಾಸ್ತಿ ಕೊಡ್ತೀನಿ ಅಂದರೂ ತಗೊಳ್ಳಲ್ಲ, ಹಾಗಾಗಿ ಅಂಕಿ ಏರಿದ ತಿಂಗಳು ಕೊಟ್ಟ ದುಡ್ಡು ಅಷ್ಟೇ ಇದ್ದರೂ ಕೊಡದೊಳಗಿನ ಬೆಂಕಿ ಸಣ್ಣದಾಗಿರ್ತಿತ್ತು. ಮೊದಲನೇ ಸಲ ಏರಿದಾಗ ಜನ ಬೈದುಕೊಂಡರು. ಎರಡನೇ ಸಲ ಬೈಯೋದು ಬಿಟ್ಟು ಲೆಕ್ಕ ಹಾಕೋಕೆ ಕೂತರು. ಬೆಳಗ್ಗೆ ಆರರಿಂದ ಎಂಟೂವರೆ ಒಲೆ ಹೊತ್ತು, ಆ ಹೊತ್ತಲ್ಲಿ ಬೀದೀಲಿ ಒಂದು ಸ್ಕೂಟರ್ ಸದ್ದೂ ಕೇಳ್ತಿರಲಿಲ್ಲ. ಗಂಡಸರು ಛತ್ರಿ ಬಗಲಲ್ಲಿಟ್ಟುಕೊಂಡು ಆಫೀಸಿಗೆ ನಡೆದು ಹೋಗೋಕೆ ಕಲಿತರು, ನಾಲ್ಕೇ ತಿಂಗಳಲ್ಲಿ ಎಲ್ಲರ ಹೊಟ್ಟೆ ಒಳಗೆ ಹೋಯಿತು. ದೋಸೆ ಭಾನುವಾರಕ್ಕೆ ಮಾತ್ರ ಅಂತಾಯಿತು, ಮಿಕ್ಕ ದಿನ ನೆನೆಸಿದ ಅವಲಕ್ಕಿ. ಕಾಳು ಬೇಯಿಸೋ ಬದಲು ಮೊಳಕೆ ಕಟ್ಟಿ ಹಸಿಯಾಗೇ ಕೋಸಂಬರಿ ಮಾಡೋರು. ಸಾಹುಕಾರರ ಕಾರು ಆರು ತಿಂಗಳು ನಿಂತಲ್ಲೇ ನಿಂತು, ಅವರ ಮನೆ ಹೆಂಗಸರು ಅದರ ಬಾನೆಟ್ ಮೇಲೆ ಹಪ್ಪಳ ಒಣಗಿಸೋಕೆ ಶುರುಮಾಡಿದರು. ಟೀ ಅಂಗಡಿ ಮುಂದೆ ಬೈಕ್ ಆಫ್ ಮಾಡದೆ ಹರಟೆ ಹೊಡೀತಿದ್ದ ಒಬ್ಬ ಮಹಾರಾಯನ ಹೆಂಡತಿ, ಅರ್ಧ ಬೆಂದ ಅನ್ನದ ಪಾತ್ರೆ ತಂದು ಎಲ್ಲರೆದುರು ಅವನ ಬೈಕಿನ ಸೀಟ್ ಮೇಲಿಟ್ಟು, ಇಲ್ಲೇ ಬೇಯಿಸಿಕೊಳ್ಳಿ ಅಂತ ಹೇಳಿ ಹೋದಳು.

ಏರಿನ ಪದ್ಧತಿಯೂ ಆಗಲೇ ಬಂದದ್ದು. ಮಾರ್ಕೆಟ್ಟಿಂದ ದಿಣ್ಣೆಗೆ ಹೋಗೋ ಕುದುರೆ ಏರಲ್ಲಿ ನಡೆದು ಹೋಗೋರು, ಮುಂದೆ ಯಾವುದೇ ಗಾಡಿ ತಿಣುಕ್ತಿದ್ದರೆ ಕೈ ಹಾಕಿ ತಳ್ಳಬೇಕು. ತಳ್ಳಿದವರಿಗೆ ಆಚೆ ಇಳಿಜಾರಲ್ಲಿ ಸವಾರಿ ಬಿಟ್ಟಿ. ಇದನ್ನ ಯಾರೂ ಬರೆದಿಟ್ಟಿಲ್ಲ, ಡಂಗುರ ಸಾರಲಿಲ್ಲ. ಆದರೂ ತಳ್ಳದೆ ಪಕ್ಕದಲ್ಲಿ ನಡೆದುಹೋದವನ ಮನೆಗೆ ಹೆಣ್ಣು ಕೊಡೋಕೆ ಜನ ಹಿಂದೆಮುಂದೆ ನೋಡೋರು. ನಮ್ಮೂರಿನ ಬಗ್ಗೆ ನಾನು ಜಂಬ ಕೊಚ್ಚಿಕೊಳ್ಳೋದು ಜಾಸ್ತಿ ಅಂತ ನಮ್ಮ ಮನೆಯವರು ಆಡ್ಕೋತಾರೆ. ಇಂಥ ಊರಿನ ಬಗ್ಗೆ ಕೊಚ್ಚಿಕೊಳ್ಳದೆ ಇನ್ಯಾವುದರ ಬಗ್ಗೆ ಕೊಚ್ಚಿಕೊಳ್ಳಲಿ?

ನಾವು ಅತ್ತೆ ಸೊಸೆ ಹೊತ್ತು ಹಂಚಿಕೊಂಡಿದ್ವಿ. ಮಧ್ಯಾಹ್ನ ಎರಡು ಗಂಟೆವರೆಗೆ ಒಲೆ ಅವರದು, ಆಮೇಲೆ ಗಾಡಿ ನನ್ನದು. ದಿಣ್ಣೆ ಮೇಲಿನ ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ದಿನಾ ತರಕಾರಿ ಹೊಡೀತಿದ್ದೆ. ಗಾಡಿ ನಡೆಯೋದು ಆ ಬಾಡಿಗೆ ಮೇಲೆ, ಮನೆಯೂ ಅರ್ಧ ಅದರ ಮೇಲೇ. ಮೂರನೇ ಸಲ ಅಂಕಿ ಏರಿದಾಗ ಬೆಂಕಿ ನಿಂಬೆಹಣ್ಣಿನಷ್ಟಾಯಿತು. ಇಪ್ಪತ್ತನೇ ತಾರೀಕಿಗೇ ಅದು ಕಣ್ಣು ಮುಚ್ಚೋಕೆ ಶುರುಮಾಡಿತು. ಒಲೆ ಇಲ್ಲವೇ ಗಾಡಿ, ಎರಡರಲ್ಲಿ ಒಂದು. ಇದು ಮನೇಲಿ ಮೂವರಿಗೂ ಗೊತ್ತಿತ್ತು.

ಊರಲ್ಲಿ ಆಗಲೇ ಎರಡನೇ ಬಾಗಿಲು ಶುರುವಾಗಿತ್ತು. ಬಾಗಿಲಿಗೊಂದು ಬೆಂಕಿ ತಾನೆ, ಗೋಡೆ ಒಡೆದು ಬೀದಿ ಕಡೆಗೆ ಇನ್ನೊಂದು ಬಾಗಿಲು ಇಟ್ಟರೆ ಇನ್ನೊಂದು ಬೆಂಕಿ. ಅಣ್ಣತಮ್ಮಂದಿರು ಬೇರೆಯಾದರು, ಅಪ್ಪ ಮಕ್ಕಳು ಬೇರೆಯಾದರು. ಬಡಗಿ ವೀರಾಚಾರಿಗೆ ಉಸಿರಾಡೋಕೆ ಪುರಸೊತ್ತಿರಲಿಲ್ಲ. ನೆಪಕ್ಕೆ ಬಾಗಿಲಿಟ್ಟು ಒಳಗೆ ಒಟ್ಟಿಗಿರೋಣ ಅಂದುಕೊಂಡವರಿಗೆ ಮಾತ್ರ ಅದು ನಡೀಲಿಲ್ಲ. ಪಕ್ಕದ ಮನೆ ವನಜಾಕ್ಷಮ್ಮ ಬೇರೆ ಬಾಗಿಲು ಮಾಡಿಕೊಟ್ಟ ಮಗನಿಗೆ ಮನಸ್ಸು ತಡೀದೆ ಗೋಡೆ ಮೇಲಿಂದ ಒಂದು ಲೋಟ ಸಾರು ಕೊಟ್ಟರು. ಅವನು ಅನ್ನಕ್ಕೆ ಕಲಸಿಕೊಂಡು ಒಂದು ತುತ್ತು ಬಾಯಿಗಿಟ್ಟ, ಎರಡೂ ಮನೆ ಬೆಂಕಿ ಆರಿಹೋಯಿತು. ಮುಂದಿನ ಒಂದನೇ ತಾರೀಕಿನವರೆಗೆ ಇಬ್ಬರೂ ತಣ್ಣನೆಯದು ತಿಂದರು. ಬೇರೆ ಅಂದರೆ ಬೇರೆನೇ. ಊರವರಿಗೆಲ್ಲ ಬಡಿಸಬಹುದು, ಬೇರೆಯಾದ ಮನೆಯವರ ಎಲೆಗೆ ಮಾತ್ರ ಬಡಿಸೋ ಹಾಗಿಲ್ಲ.

ಆ ವನಜಾಕ್ಷಮ್ಮನೇ ಬಂದು ನಮ್ಮ ಅಂಗಳದಲ್ಲಿ ಕೂತು, ನೀವೂ ಮಾಡಿಸಿಕೊಂಡುಬಿಡಿ ಸಿದ್ದಗಂಗಮ್ಮ, ಒಬ್ಬಟ್ಟಿನ ದುಡ್ಡಲ್ಲಿ ನಿಮ್ಮ ಬೆಂಕಿ ತರಬಹುದು, ಗಾಡಿ ದುಡ್ಡಲ್ಲಿ ಅವರದು ಅವರು ತರ್ತಾರೆ, ಇಬ್ಬರ ಕಸುಬೂ ಉಳಿಯುತ್ತೆ ಅಂದರು. ಮಾತು ತಪ್ಪೇನಲ್ಲ. ಅತ್ತೆ ಕಣಕ ನಾದುತ್ತಾ ಇದ್ದರು, ತಲೆ ಎತ್ತಲಿಲ್ಲ. ನಾದುತ್ತಲೇ, ಬಾಗಿಲು ಇಡಿಸಿಬಿಡು ಷಡಕ್ಷರಿ ಅಂದರು, ಉಪ್ಪು ಮುಗಿದಿದೆ ತಗೊಂಡು ಬಾ ಅನ್ನೋ ಥರ.

ನನಗೆ ಎದೆಗೆ ಒದ್ದ ಹಾಗಾಯಿತು. ಹನ್ನೊಂದು ವರ್ಷ ಈ ಮನೇಲಿ ಅವರ ಕೈಯಲ್ಲಿ ಉಂಡಿದೀನಿ. ನನ್ನ ತಾಯಿ ಹತ್ತಿರ ಮಾಡದಷ್ಟು ಜಗಳ ಅವರ ಹತ್ತಿರ ಮಾಡಿದೀನಿ, ಅದು ಸಲಿಗೆಗೆ. ಒಂದು ಮಾತು, ಏನಮ್ಮಾ ದಾಕ್ಷಿ ನಿನಗೇನನ್ನಿಸುತ್ತೆ ಅಂತ ಕೇಳಬಾರದಿತ್ತಾ? ಸರಿ, ಅವರಿಗೆ ಬೇಡದ ಮೇಲೆ ನಾನು ಕಾಲು ಹಿಡಿಯೋಳಲ್ಲ. ಆಗಲಿ ಬಿಡಿ, ಸೋಮವಾರಕ್ಕೇ ವೀರಾಚಾರೀನ ಕರೆಸಿ ಅಂದೆ. ನಮ್ಮ ಮನೆಯವರು ಇಬ್ಬರ ಮುಖವನ್ನೂ ನೋಡಿದರು. ಕೊರಳಿಗೆ ಹಾಕಿಕೊಂಡಿದ್ದ ಟೇಪ್ ತೆಗೆದು, ಬೀದಿ ಗೋಡೆ ಅಳೆದು, ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣದಲ್ಲಿ ಒಂದು ಬಾಗಿಲು ಬರೆದರು. ಬಂಕಿಗೆ ಹೋಗಿ ಬರೋ ತಿಂಗಳಿಂದ ಎರಡು ಬಾಗಿಲು ಅಂತ ಬರೆಸಿಯೂ ಬಂದರು. ಆ ಗೆರೆ ದಾಟಿಕೊಂಡು ಓಡಾಡುವಾಗೆಲ್ಲ ನನಗೆ ಕಣ್ಣು ಉರೀತಿತ್ತು. ಅತ್ತೆ ಆ ಕಡೆ ನೋಡ್ತಲೇ ಇರಲಿಲ್ಲ.

ಸೋಮವಾರಕ್ಕೆ ಮುಂಚೆ ಭಾನುವಾರ ಬಂತು. ಅವತ್ತು ಅತ್ತೆಗೆ ಒಂದು ನಾಮಕರಣಕ್ಕೆ ಮುನ್ನೂರು ಒಬ್ಬಟ್ಟು, ಮಧ್ಯಾಹ್ನ ಹನ್ನೆರಡರೊಳಗೆ ಕೊಡಬೇಕು. ಹಾಸ್ಟೆಲ್ಲಿನ ವಾರ್ಡನ್ ಹಿಂದಿನ ದಿನ ಕರೆಸಿ, ನಾಳೆ ಹಬ್ಬದೂಟ ಇದೆ, ತರಕಾರಿ ಎರಡು ಗಂಟೆಗಲ್ಲ, ಬೆಳಗ್ಗೆ ಹತ್ತಕ್ಕೇ ಬೇಕು, ಆಗಲ್ಲ ಅಂದರೆ ಈಗಲೇ ಹೇಳು, ಲಾರಿಯವರು ಕೇಳ್ತಾನೇ ಇದಾರೆ ಅಂದಿದ್ದರು. ಆಗುತ್ತೆ ಅಂದುಬಿಟ್ಟು, ನಮ್ಮ ಮನೆಯವರ ಬಾಯಲ್ಲಿ ಅತ್ತೆಗೂ ಹೇಳಿಸಿದ್ದೆ. ಹಾಸ್ಟೆಲ್ ಒಂದು ಸಲ ಕೈಬಿಟ್ಟರೆ ಮತ್ತೆ ಸಿಕ್ಕಲ್ಲ. ಹಾಗಂತ ಒಬ್ಬಟ್ಟು ಬೇಯೋ ಹೊತ್ತಲ್ಲಿ ಏರು ಹತ್ತಿಸಿದರೆ ಉರಿ ಸತ್ತು ಒಬ್ಬಟ್ಟು ಹಸಿ ಉಳಿಯುತ್ತೆ, ಮತ್ತೆ ಏಳುವಾಗ ತಳ ಹಿಡಿಯುತ್ತೆ. ಸಿದ್ದಗಂಗಮ್ಮನ ಒಬ್ಬಟ್ಟು ಹಸಿಯಾಗಿತ್ತಂತೆ ಅನ್ನೋ ಮಾತು ಊರಲ್ಲಿ ಅದುವರೆಗೆ ಹುಟ್ಟಿರಲಿಲ್ಲ.

ಬೆಳಗ್ಗೆ ಎಂಟಕ್ಕೆ ಅತ್ತೆ ಕಾವಲಿ ಇಟ್ಟರು. ನಾನು ಕೀ ತಗೊಂಡೆ. ಬಾಗಿಲಿನ ಮಾತು ಬಂದಾಗಿನಿಂದ ನಮಗಿಬ್ಬರಿಗೂ ಮಾತು ನಿಂತುಹೋಗಿತ್ತು. ಈ ಮನೇಲಿ ಒಂದೇ ಬೆಂಕೀಲಿ ಅವರು ಮಾಡೋ ಕಡೇ ಒಬ್ಬಟ್ಟು ಇದು, ಇದರಲ್ಲಿ ಒಂದೂ ಕೆಡಬಾರದು ಅಂತ ನಾನು ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದೆ. ಇದನ್ನ ಅವರಿಗೆ ಹೇಳಬಹುದಿತ್ತು. ಹೇಳೋಕೆ ಅಹಂಕಾರ ಬಿಡಲಿಲ್ಲ. ಗಾಡೀನ ನ್ಯೂಟ್ರಲ್‌ಗೆ ಹಾಕಿ, ಒಂದು ಕಾಲು ನೆಲಕ್ಕೆ ಒದ್ದು, ಸ್ಟಾರ್ಟ್ ಮಾಡದೇ ಕೆರೆ ಪಕ್ಕದ ಇಳಿಜಾರಲ್ಲಿ ಮಾರ್ಕೆಟ್ಟಿಗೆ ಇಳಿದುಬಿಟ್ಟೆ.

ಮಾರ್ಕೆಟ್ಟಲ್ಲಿ ಹನ್ನೆರಡು ಮೂಟೆ ಹೇರಿದರು. ಏರಿನ ಬುಡದವರೆಗೆ ಹಮಾಲರು ತಳ್ಳಿಕೊಟ್ಟರು. ಅಲ್ಲಿ ನಿಂತು ಬರೋರು ಹೋಗೋರಿಗೆಲ್ಲ ಹೇಳಿದೆ, ಇವತ್ತು ಇಂಜಿನ್ ಹಾಕಲ್ಲ, ಬುಡದಿಂದ ತುದೀವರೆಗೆ ಪೂರ್ತಿ ತಳ್ಳಬೇಕು ಅಂತ. ಯಾವಾಗಲೂ ತಳ್ಳೋದು ಇಂಜಿನ್‌ಗೆ ಸಹಾಯಕ್ಕೆ, ಹೀಗೆ ಪೂರ್ತಿ ತಳ್ಳಿ ಅಂತ ಯಾರೂ ಕೇಳಿದ್ದಿಲ್ಲ. ಬಳೆ ಮಾರೋ ಖಾಸಿಂ ಸಾಬರು ಯಾಕಮ್ಮಾ ಅಂದರು. ನಮ್ಮತ್ತೆ ಮುನ್ನೂರು ಒಬ್ಬಟ್ಟಿಗೆ ಕೂತಿದಾರೆ ಅಂದೆ. ಅವರು ಬಳೆ ಮಲಾರ ಮೂಟೆಗಳ ಮೇಲಿಟ್ಟು ತೋಳು ಮಡಿಸಿದರು. ಸ್ಕೂಲಿನ ಡ್ರಿಲ್ ಮೇಷ್ಟ್ರು ಬಂದರು, ಹಿಟ್ಟಿನ ಗಿರಣಿಗೆ ಹೊರಟಿದ್ದ ಆರು ಜನ ಹೆಂಗಸರು ಬಂದರು, ಹೂವಿನವರು ಮೂವರು ಬಂದರು. ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಡ್ರಿಲ್ ಮೇಷ್ಟ್ರು ಒಂದ್ ಎರಡ್ ಅಂತ ಹೇಳಿಕೊಡ್ತಿದ್ದರು, ನಾನು ಇಳಿದು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಭುಜ ಕೊಟ್ಟಿದ್ದೆ. ಇಪ್ಪತ್ತು ಹೆಜ್ಜೆ ತಳ್ಳೋದು, ಚಕ್ರಕ್ಕೆ ಕಲ್ಲು ಕೊಟ್ಟು ಸುಧಾರಿಸಿಕೊಳ್ಳೋದು, ಮತ್ತೆ ಇಪ್ಪತ್ತು ಹೆಜ್ಜೆ. ಒಬ್ಬೊಬ್ಬರ ಬೆವರೂ ಇಳಿದುಹೋಯಿತು, ಒಬ್ಬರೂ ಗೊಣಗಲಿಲ್ಲ.

ಆ ಹೊತ್ತಲ್ಲಿ ಮನೇಲಿ ಏನಾಯಿತು ಅನ್ನೋದನ್ನ ನಮ್ಮ ಮನೆಯವರು ಆಮೇಲೆ ಹೇಳಿದರು. ಅವರು ಅಷ್ಟುದ್ದ ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು. ಒಲೆ ಉರಿ ಆ ನಿಂಬೆಹಣ್ಣಿನಷ್ಟು ಬೆಂಕಿಯಿಂದ ಬಂದದ್ದು ಅಂತ ಹೇಳೋ ಹಾಗೇ ಇರಲಿಲ್ಲವಂತೆ, ನೀಲಿಯಾಗಿ, ನೆಟ್ಟಗೆ, ಒಂದು ಸಲವೂ ಅಲ್ಲಾಡದೆ ಉರೀತಿತ್ತಂತೆ. ಒಂದಾದ ಮೇಲೊಂದು ಒಬ್ಬಟ್ಟು ಚಿನ್ನದ ಬಣ್ಣಕ್ಕೆ ಎದ್ದು ಬರ್ತಿತ್ತಂತೆ. ಮೂವತ್ತು ಆಗೋವರೆಗೆ ಅತ್ತೆ ಸುಮ್ಮನಿದ್ದರು. ಇನ್ನೂ ಲೋಡ್ ಆಗಿಲ್ಲ ಅಂದುಕೊಂಡರು. ಐವತ್ತಾದಾಗ ಒಲೆ ಕಡೆ ಬಗ್ಗಿ ಬಗ್ಗಿ ನೋಡೋಕೆ ಶುರುಮಾಡಿದರು. ಗಾಡಿ ಹೋಗಿದೆಯಾ ನೋಡು ಅಂತ ಮಗನನ್ನ ಕಳಿಸಿದರು, ಅಂಗಳದಲ್ಲಿ ಗಾಡಿ ಇಲ್ಲ. ಹೋಗಿದೆ, ಆದರೆ ಉರಿ ಇಳಿದಿಲ್ಲ. ಒಂಬತ್ತು ಗಂಟೆಗೆ ಏರು ಹತ್ತಬೇಕಾದ ಗಾಡಿ, ಒಂಬತ್ತು ಕಾಲಾದರೂ ಉರಿ ಮಿಸುಕಲಿಲ್ಲ. ಬ್ರೇಕ್ ಹಿಡೀದೆ ಕೆರೆಗೆ ಬಿದ್ದಿದಾಳೆ ಕಣೋ ಅಂದವರೇ ಕಾವಲಿ ಎತ್ತಿ ನೆಲಕ್ಕಿಟ್ಟು, ಒಲೆ ಆರಿಸಿ, ಇನ್ನೂರಕ್ಕಿಂತ ಮೇಲೆ ಉಂಡೆ ತಟ್ಟೇಲೇ ಬಿಟ್ಟು, ಬರಿಗಾಲಲ್ಲಿ ಹೊರಗೆ ಓಡಿದರು. ಮಂಡಿನೋವು ಅಂತ ಕೆಳಗೆ ಕೂತರೆ ಏಳೋಕೆ ಗೋಡೆ ಹಿಡಿಯೋ ಹೆಂಗಸು. ಅವರನ್ನ ಹಿಡಿಯೋಕೆ ನನ್ನ ಕೈಲಿ ಆಗಲಿಲ್ಲ ಅಂದರು ನಮ್ಮ ಮನೆಯವರು.

ನಾವು ಏರಿನ ಅರ್ಧದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ನಿಂತಿದ್ವಿ. ಕೆಳಗಿಂದ ಅತ್ತೆ ಬರೋದು ಕಾಣಿಸಿತು. ಕೂದಲು ಬಿಚ್ಚಿಹೋಗಿತ್ತು, ಎರಡೂ ಕೈಗೆ ಹೂರಣ ಮೆತ್ತಿತ್ತು. ಗಾಡಿ ನೋಡಿದರು, ಮೂಟೆ ನೋಡಿದರು, ಬೆವರಿಳೀತಿದ್ದ ಜನಾನ ನೋಡಿದರು. ಆಮೇಲೆ ನನ್ನ ಮುಂದೆ ಬಂದು, ಗಾಡಿ ಹಿಡಿದು ನಿಂತರು.

"ಉರಿ ಅಲ್ಲಾಡಲಿಲ್ಲ ಕಣೇ," ಅಂದರು. "ಒಂದು ಗಂಟೆ. ಒಂದೇ ಒಂದು ಸಲವೂ ಅಲ್ಲಾಡಲಿಲ್ಲ. ನೀನು ಸತ್ತೆ ಅಂದುಕೊಂಡೆ."

ನಿಮ್ಮ ಒಬ್ಬಟ್ಟು ಕೆಡಬಾರದು ಅಂತ ಸ್ಟಾರ್ಟ್ ಮಾಡಲಿಲ್ಲ ಅತ್ತೆ ಅಂದೆ.

"ಯಾರು ಕೇಳಿದ್ದು ನಿನ್ನನ್ನ? ನನ್ನ ಒಲೆಗೋಸ್ಕರ ನಿನ್ನ ಗಾಡಿ ನಿಲ್ಲಬಾರದು ಅಂತ ತಾನೆ ನಾನು ಬಾಗಿಲು ಇಡಿಸು ಅಂದದ್ದು." ಹೂರಣದ ಕೈಯಲ್ಲೇ ನನ್ನ ಗಲ್ಲ ಹಿಡಿದರು. "ಹನ್ನೊಂದು ವರ್ಷ ಉರಿ ನೋಡಿಕೊಂಡೇ ನಿನ್ನನ್ನ ಮನೆ ತಲುಪಿಸಿದೀನಿ ದಾಕ್ಷಿ. ಉರಿ ಇಳಿದರೆ ನೀನಿದೀಯ ಅಂತ. ನಾಳೆ ಬಾಗಿಲು ಬೇರೆಯಾಗಿ ಬೆಂಕಿ ಬೇರೆಯಾದ ಮೇಲೆ, ನಾನು ಯಾವ ಉರಿ ನೋಡಲಿ?"

ನಾನು ಅತ್ತುಬಿಟ್ಟೆ. ಹನ್ನೊಂದು ಜನರ ಎದುರಿಗೆ, ನಡುಬೀದೀಲಿ, ಜೋರಾಗೇ. ಅತ್ತೆ ನನ್ನನ್ನ ಬೇಡ ಅಂದರು ಅಂತ ಒಂದು ವಾರದಿಂದ ಹೊಟ್ಟೇಲಿಟ್ಟುಕೊಂಡಿದ್ದೆಲ್ಲ ಅಲ್ಲೇ ಇಳಿದುಹೋಯಿತು. ಗಿರಣಿ ಹೆಂಗಸರಲ್ಲಿ ಒಬ್ಬಿಬ್ಬರು ಸೆರಗು ಕಣ್ಣಿಗೊತ್ತಿಕೊಂಡರು. ಡ್ರಿಲ್ ಮೇಷ್ಟ್ರು ಆಕಾಶ ನೋಡಿದರು.

ಅತ್ತೆ ಅಷ್ಟರಲ್ಲಿ ಸುಧಾರಿಸಿಕೊಂಡು, ಕೂದಲು ಗಂಟು ಕಟ್ಟಿ, ಗಾಡಿ ಹತ್ತಿ ನನ್ನ ಪಕ್ಕದ ಹಲಗೆ ಮೇಲೆ ಕೂತರು. ಒಲೆ ಆರಿಸಿ ಬಂದಿದೀನಿ, ಬೆಂಕಿ ಎಲ್ಲ ನಿನ್ನದೇ, ಸ್ಟಾರ್ಟ್ ಮಾಡು ಅಂದರು. ಅವರು ಈ ಗಾಡಿ ಹತ್ತಿದ್ದು ನಮ್ಮ ಮಾವ ಹೋದ ಮೇಲೆ ಅದೇ ಮೊದಲು. ಸ್ಟಾರ್ಟ್ ಮಾಡಿದೆ. ಒಲೆ ಜೊತೆ ಹಂಚಿಕೊಳ್ಳದೆ ಪೂರ್ತಿ ಬೆಂಕಿ ಸಿಕ್ಕಿ ಗಾಡಿಗೆ ಎಷ್ಟು ದಿನವಾಗಿತ್ತೋ, ಹನ್ನೆರಡು ಮೂಟೆ ಹೊತ್ತು, ಹಿಂದೆ ಜೋತುಬಿದ್ದ ಹನ್ನೊಂದು ಜನರನ್ನೂ ಎಳಕೊಂಡು, ಎರಡನೇ ಗೇರಲ್ಲೇ ಏರು ಹತ್ತಿಬಿಟ್ಟಿತು. ಹಾಸ್ಟೆಲ್ ಗೇಟಲ್ಲಿ ವಾರ್ಡನ್ ಗಡಿಯಾರ ನೋಡ್ತಾ ನಿಂತಿದ್ದರು. ಹತ್ತಕ್ಕೆ ಐದು ನಿಮಿಷ ಇತ್ತು. ನಾನು ಮೂಟೆ ಇಳಿಸಿದೆ.

ಇಳಿಜಾರಲ್ಲಿ ಎಲ್ಲರನ್ನೂ ಹತ್ತಿಸಿಕೊಂಡು ಇಂಜಿನ್ ಆಫ್ ಮಾಡಿ ನೇರ ಮನೆಗೇ ಬಿಟ್ಟೆ. ಇನ್ನೂರ ಚಿಲ್ಲರೆ ಒಬ್ಬಟ್ಟು, ಎರಡು ಗಂಟೆಯೂ ಇಲ್ಲ. ಅತ್ತೆಯ ಹೂರಣವನ್ನ ಅವರಲ್ಲದೆ ಇನ್ನೊಬ್ಬರು ಮುಟ್ಟಿದ್ದಿಲ್ಲ, ನಾನೂ ಮುಟ್ಟಿರಲಿಲ್ಲ. ಅವತ್ತು ಅವರೇ ಗಿರಣಿ ಹೆಂಗಸರನ್ನ ಕೂರಿಸಿ ಬಾಳೆಲೆ ಕೊಟ್ಟು, ತಟ್ಟಿ ಅಂದರು. ಖಾಸಿಂ ಸಾಬರು ಎಲೆ ಒರೆಸಿ ಕೊಟ್ಟರು, ಮೇಷ್ಟ್ರು ಎಣಿಸಿ ಬುಟ್ಟಿಗೆ ಜೋಡಿಸಿದರು. ನಾನು ತಟ್ಟಿದ ಒಂದೂ ದುಂಡಗೆ ಬರಲಿಲ್ಲ. ಇದೇನು ನಕ್ಷೆ ಬರೀತಿದೀಯಾ ಅಂತ ಅತ್ತೆ ಬೈದರು. ಎಂಟು ದಿನದ ಮೇಲೆ ಬೈಸಿಕೊಂಡು ನನಗೆ ಹೊಟ್ಟೆ ತುಂಬಿದ ಹಾಗಾಯಿತು. ನಾಮಕರಣದ ಮನೆಗೆ ಹನ್ನೆರಡೂ ಕಾಲಿಗೆ ತಲುಪಿಸಿದ್ವಿ. ಒಂದಷ್ಟು ಸೊಟ್ಟಗಿದ್ದವು, ಹಸಿ ಒಂದೂ ಇರಲಿಲ್ಲ.

ಸೋಮವಾರ ವೀರಾಚಾರಿ ಚೌಕಟ್ಟು ಹೊತ್ತುಕೊಂಡು ಬಂದ. ಗೋಡೇಲಿ ಗುರುತು ಇರಲಿಲ್ಲ. ನಮ್ಮ ಮನೆಯವರು ನಾವಿಬ್ಬರೂ ಏಳೋಕೆ ಮುಂಚೆ ಎದ್ದು ಇಡೀ ಬೀದಿ ಗೋಡೆಗೆ ಸುಣ್ಣ ಬಳಿದಿದ್ದರು, ಅಂಗಿ ತೋಳಿಗೆಲ್ಲ ಮೆತ್ತಿಕೊಂಡಿತ್ತು. ಎಲ್ಲಿ ಒಡೀಬೇಕು ಅಂತ ಆಚಾರಿ ಕೇಳಿದರೆ, ಎಲ್ಲೂ ಬೇಡ, ಕಾಫಿ ಕುಡಿದು ಹೋಗಿ ಅಂದರು. ಆ ಮನುಷ್ಯನನ್ನ ಮೂರು ಸಲ ಗಾಡಿ ಆಫ್ ಮಾಡಿಕೊಂಡವನು ಅಂತ ಊರು ಇನ್ನೂ ಆಡ್ಕೊಳ್ಳುತ್ತೆ. ಅವತ್ತು ನಾನು ಅವರಿಗೆ ತಲೆಗೆ ನೀರೆರೆದು ಸುಣ್ಣ ತೊಳೆದೆ.

ಒಂದನೇ ತಾರೀಕು ಬಂತು. ಬೆಳಗ್ಗೆ ತೋಪಯ್ಯ ಮತ್ತೆ ಗಳು ತೆಗೆದು ಅಂಕಿ ಏರಿಸಿದ ಅಂತ ಬೀದೀಲಿ ಸುದ್ದಿ ಆಯಿತು. ಯಾವಾಗಲೂ ಬೆಂಕಿ ತರೋಕೆ ನಾನೊಬ್ಬಳೇ ಹೋಗೋಳು. ಅವತ್ತು ಅತ್ತೆ ಇಳಕಲ್ ಸೀರೆ ಉಟ್ಟುಕೊಂಡು, ಕೊಡ ಬೆಳಗಿ ಇಟ್ಟುಕೊಂಡು, ಗಾಡೀಲಿ ಮೊದಲೇ ಕೂತಿದ್ದರು. ಬಂಕಲ್ಲಿ ಉದ್ದ ಸಾಲು. ಎಷ್ಟು ಬಾಗಿಲು, ಎರಡು. ಎಷ್ಟು ಬಾಗಿಲು, ಮೂರು. ಜನ ನೆಲ ನೋಡಿಕೊಂಡು ಹೇಳ್ತಿದ್ದರು. ನಮ್ಮ ಸರದಿ ಬಂದಾಗ ತೋಪಯ್ಯ ಪುಸ್ತಕ ನೋಡಿ, ಎರಡು ಬಾಗಿಲು ಅಂತ ಬರೆಸಿದಾರೆ ಸಿದ್ದಗಂಗಮ್ಮೋರೆ, ಇನ್ನೊಂದು ಕೊಡ ಎಲ್ಲಿ ಅಂದ.

ಹೊಡೆದುಹಾಕು, ಒಂದು ಅಂದರು ಅತ್ತೆ. ಸಾಲಿನ ಕೊನೇವರೆಗೆ ಕೇಳೋ ಹಾಗೆ ಅಂದರು.

ತೋಪಯ್ಯ ಒಳ್ಳೆಯವನೇ. ಕೊಡದೊಳಗೆ ಬೆಂಕಿ ಹಾಕಿ, ಅದನ್ನ ತೋರಿಸಿ, ನೆಲ್ಲಿಕಾಯಿಗಿಂತ ಸಣ್ಣದಮ್ಮಾ, ಇದರಲ್ಲಿ ಎರಡು ಕಸುಬು ನಡೆಯಲ್ಲ ಅಂದ. ಮಾತು ನಿಜ. ಕೊನೇ ಎಂಟು ಹತ್ತು ದಿನ ನಾವು ನೆನೆಸಿದ್ದು ತಿಂದು, ಒಲೆ ತಣ್ಣಗೆ, ಗಾಡಿ ಸುಮ್ಮನೆ ಇರಬೇಕಾಗುತ್ತೆ ಅಂತ ನಮಗೂ ಗೊತ್ತಿತ್ತು. ಏರನ್ನ ಭುಜ ಕೊಟ್ಟೇ ಹತ್ತಿಸಬೇಕು, ಒಬ್ಬಟ್ಟಿನ ಆರ್ಡರ್ ಅರ್ಧ ಬಿಡಬೇಕು.

"ನಡೆಯಲ್ಲ," ಅಂದರು ಅತ್ತೆ, "ನಾವು ನಡೆಸ್ತೀವಿ."

ಕೊಡ ಮಡಿಲಲ್ಲಿಟ್ಟುಕೊಂಡು ಗಾಡೀಲಿ ನೆಟ್ಟಗೆ ಕೂತರು. ನಾನು ನ್ಯೂಟ್ರಲ್‌ಗೆ ಹಾಕಿ, ತಳ್ಳೋಕೆ ಯಾರನ್ನ ಕರೀಲಿ ಅಂತ ಸಾಲಿನ ಕಡೆ ನೋಡಿದೆ. ಇಡೀ ಊರೇ ನಮ್ಮ ಕಡೆ ನೋಡ್ತಿತ್ತು.

"ಇವತ್ತು ತಳ್ಳೋದು ಬೇಡ ದಾಕ್ಷಿ," ಅಂದರು. "ಸ್ಟಾರ್ಟ್ ಮಾಡು. ಒಂದೇ ಬೆಂಕೀಲಿ ಹೋಗೋದನ್ನ ನೋಡಲಿ ಎಲ್ಲರೂ."

ಸ್ಟಾರ್ಟ್ ಮಾಡಿದೆ.